ನನ್ನ ಅಡುಗೆಮನೆಯಲ್ಲಿ ನಡೆಯದೇ ಇರುವ ಮುಷ್ಕರದ ಬಗ್ಗೆ

ತೆರಿಗೆ ಇಲಾಖೆಯ, ಮನೆಯಲ್ಲಿ ಆಯಾ ಇಟ್ಟುಕೊಂಡಿರುವ ಉದ್ಯೋಗದಾತರ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ (ಹೆಸರು ಕೇಳಿದೆ, ಅದು ಗೋಪ್ಯ ಎಂದರು)

ಮಾನ್ಯರೇ,

ಏಪ್ರಿಲ್ ಆರನೆಯ ತಾರೀಕಿಗೆ ಶುರುವಾದ ತಮ್ಮ ಹೊಸ ತೆರಿಗೆ ವರ್ಷಕ್ಕೆ ನನ್ನ ಶುಭಾಶಯಗಳು. ನಮ್ಮ ಬೀದಿಯ ಮಿಕ್ಕವರೆಲ್ಲ ಜನವರಿ ಒಂದಕ್ಕೇ ಆ ಕೆಲಸ ಮುಗಿಸಿ ತಲೆನೋವಿಗೆ ಮಾತ್ರೆ ನುಂಗಿ ಮಲಗಿದ್ದರು. ಆದರೆ ಅವಸರ ತಮ್ಮ ಕಚೇರಿಯ ಸ್ವಭಾವವಲ್ಲ ಎಂಬುದು ನನಗೆ ಈಚೆಗೆ ಚೆನ್ನಾಗಿ ಮನದಟ್ಟಾಗಿದೆ. ತಾವು ಕ್ಷೇಮ, ತಮ್ಮ ಕಂಪ್ಯೂಟರೂ ಕ್ಷೇಮ ಎಂದು ನಂಬಿ ಮುಂದುವರಿಯುತ್ತೇನೆ.

ಮೊದಲಿಗೇ ಹೇಳಿಬಿಡುತ್ತೇನೆ, ನನಗೆ ಬರೆಯುವುದೆಂದರೆ ಆಗದು. ಹದಿನೈದಕ್ಕೆ ಶಾಲೆ ಬಿಟ್ಟು ನಮ್ಮ ಹಲ್ ಊರಿನ ಬಂದರಿನಲ್ಲಿ ಮೂಟೆ ಹೊರಲು ಹೋದವನು ನಾನು. ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಎದುರಿಗೆ ನಿಂತು, ಮೂಗಿಗೆ ಮೂಗು ತಾಗುವ ಹಾಗೆ ಹೇಳುವುದು ನನ್ನ ಪದ್ಧತಿ. ಮೊದಲು ತಮ್ಮ ಕಚೇರಿಗೆ ನಮ್ಮ ಊರಿನಲ್ಲೇ ಒಂದು ಕಿಟಕಿ ಇತ್ತು, ಕಿಟಕಿಯ ಹಿಂದೆ ಒಬ್ಬ ಮನುಷ್ಯನಿದ್ದ. ನಾನು ಕೂಗಾಡಿದರೆ ಅವನೂ ಕೂಗಾಡುತ್ತಿದ್ದ, ಆಮೇಲೆ ಇಬ್ಬರೂ ಹಗುರಾಗಿ ಕೆಲಸ ಮುಗಿಸಿಕೊಳ್ಳುತ್ತಿದ್ದೆವು. ಈಗ ಆ ಕಟ್ಟಡದಲ್ಲಿ ವ್ಯಾಯಾಮಶಾಲೆಯಿದೆ, ಜನ ಕೈಯಿಂದ ದುಡ್ಡು ಕೊಟ್ಟು, ಯಂತ್ರದ ಪಟ್ಟಿಯ ಮೇಲೆ ಬೆವರು ಸುರಿಸಿ ಓಡಿ, ಎಲ್ಲಿ ಹತ್ತಿದರೋ ಅಲ್ಲೇ ಇಳಿಯುತ್ತಾರೆ. ತಮ್ಮ ಕಚೇರಿ ಇದ್ದಾಗಲೂ ಅಲ್ಲಿ ಹೆಚ್ಚುಕಡಿಮೆ ಅದೇ ನಡೆಯುತ್ತಿತ್ತು ಎಂದು ನನ್ನ ಗೆಳೆಯ ಲೆನ್ನಿ ಹಾರ್ಕರ್ ಹೇಳುತ್ತಾನೆ, ಅದು ಅವನ ಅಭಿಪ್ರಾಯ. ಇನ್ನು ಫೋನು ಮಾಡಿದರೆ ಕಾಯಿಸುತ್ತಾ ಪಿಟೀಲು ಬಾರಿಸುತ್ತೀರಿ. ನನ್ನ ಮೊಮ್ಮಗಳು ಟಿಲ್ಲಿಗೆ ಆ ಪಿಟೀಲು ಎಷ್ಟು ಹಿಡಿಸಿದೆಯೆಂದರೆ, ನಾನು ಫೋನು ಕೈಗೆತ್ತಿಕೊಂಡ ಕೂಡಲೇ ಅವಳು ಸ್ಕರ್ಟು ಹಿಡಿದು ಕುಣಿಯಲು ನಿಲ್ಲುತ್ತಾಳೆ. ತಮ್ಮ ಇಲಾಖೆಯಿಂದ ಈ ಮನೆಗೆ ಆಗಿರುವ ಏಕೈಕ ಉಪಕಾರ ಅದು, ಅದಕ್ಕೆ ನಾನು ಋಣಿ.

ಕಿಟಕಿ ಇಲ್ಲ, ಫೋನಿನಲ್ಲಿ ಪಿಟೀಲು, ಮುಚ್ಚಿದ ಪತ್ರಗಳಿಗೆ ಅಚ್ಚು ಹಾಕಿಟ್ಟ ಉತ್ತರ. ಹಾಗಾಗಿ ನಮ್ಮ ಊರಿನ ಪತ್ರಿಕೆಯವರನ್ನು ಬೇಡಿಕೊಂಡು, ಎಲ್ಲರ ಕಣ್ಣೆದುರು ಇದನ್ನು ಬರೆಯಬೇಕಾಗಿ ಬಂದಿದೆ. ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿಲ್ಲ, ಬೆರಳು ಹಿಡಿಯುತ್ತಿದೆ, ಟೀ ಆರಿಹೋಗಿದೆ. ಈ ಮೂರನ್ನೂ ತಮ್ಮ ಖಾತೆಗೇ ಬರೆದುಕೊಳ್ಳಿ.

ನನ್ನ ಮಗಳು ಜನೀನ್ ಸಮುದ್ರದ ನಡುವೆ ನೆಟ್ಟಿರುವ ಗಾಳಿಯಂತ್ರಗಳನ್ನು ರಿಪೇರಿ ಮಾಡುತ್ತಾಳೆ. ಎರಡು ವಾರ ನೀರಿನ ಮೇಲೆ, ಎರಡು ವಾರ ನನ್ನ ಮನೆಯಲ್ಲಿ. ಅವಳ ಮಗಳೇ ಈ ಟಿಲ್ಲಿ, ಎರಡು ವರ್ಷದವಳು. ಟಿಲ್ಲಿಯ ಅಪ್ಪ ಎಲ್ಲಿದ್ದಾನೆ ಎಂಬ ಪ್ರಶ್ನೆ ತಮ್ಮ ನಮೂನೆಯಲ್ಲಿದೆ, ಆದರೆ ಅದಕ್ಕೆ ನನ್ನ ಉತ್ತರವನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ನನ್ನ ಎರಡೂ ಮಂಡಿಗಳು ಬಂದರಿನಲ್ಲೇ ಸವೆದುಹೋದದ್ದರಿಂದ, ಸೋಫಾ ಹತ್ತಿ ಪರದೆಗೆ ಜೋತುಬೀಳುವ ಹುಡುಗಿಯ ಹಿಂದೆ ಓಡುವುದು ನನ್ನಿಂದಾಗದು. ಅದಕ್ಕಾಗಿ ಕರ್ಸ್ಟಿ ಬಂದಳು. ಆಯಾ ಎಂದರೆ ಅವಳೇ. ಟಿಲ್ಲಿಗೆ ಊಟ, ನಿದ್ದೆ, ಹಾಡು, ಪಾರ್ಕು, ಮತ್ತು ನನಗೆ ಬೈಗುಳ, ಎಲ್ಲವನ್ನೂ ಹೊತ್ತುಹೊತ್ತಿಗೆ ಕೊಡುವವಳು. ಸಮುದ್ರದಲ್ಲಿರುವವಳು ತಿಂಗಳು ತಿಂಗಳು ಸಂಬಳದ ವರದಿ ಕಳಿಸಲಾಗದು ಎಂದು, ದಡದಲ್ಲಿ ಕೂತಿರುವ ನನ್ನ ಹೆಸರನ್ನು ತಮ್ಮಲ್ಲಿ ನೋಂದಾಯಿಸಿದೆವು. ವಾರದಲ್ಲೇ ತಮ್ಮ ಪತ್ರ ಬಂತು. 'ಪ್ರಿಯ ಉದ್ಯೋಗದಾತರೇ' ಎಂದಿತ್ತು.

ಮಾನ್ಯರೇ, ನಾನು ಅರ್ಧ ಆಯುಷ್ಯ ಬಂದರಿನ ಕಾರ್ಮಿಕರ ಯೂನಿಯನ್ನಿಗೆ ದುಡಿದವನು. ಧಣಿಗಳನ್ನು ಮೇಜಿನ ಈಚೆ ಬದಿಯಿಂದ ಮಾತ್ರ ನೋಡಿದವನು. ಪಕ್ಕದ ಮನೆಯವರ ಪತ್ರ ತಪ್ಪಿ ನನಗೆ ಬಂದಿದೆಯೆಂದು ಅದನ್ನು ಅವರ ಬಾಗಿಲಿಗೆ ಹಾಕಿ ಬಂದೆ. ಅವರು ವಾಪಸು ತಂದುಕೊಟ್ಟರು.

ಉದ್ಯೋಗದಾತನಾದ ಮೇಲೆಯೇ ತಮ್ಮ ಏಪ್ರಿಲ್ ತಿಂಗಳ ವೈಭವ ನನ್ನ ಕಣ್ಣಿಗೆ ಬಿದ್ದದ್ದು. ಕನಿಷ್ಠ ವೇತನ ಏರುತ್ತದೆ. ಏರಲಿ, ಅದಕ್ಕಾಗಿ ನಾವೇ ಬೀದಿಗಿಳಿದಿದ್ದೆವು. ಅದರ ಬೆನ್ನಿಗೇ ನೌಕರರ ಹೆಸರಿನಲ್ಲಿ ಧಣಿ ಕಟ್ಟುವ ವಿಮೆಯ ಪಾಲು ಮೇಲೇರುತ್ತದೆ, ಆ ಪಾಲು ಶುರುವಾಗುವ ಸಂಬಳದ ಗೆರೆ ಕೆಳಗಿಳಿಯುತ್ತದೆ, ಎರಡೂ ಸೇರಿ ನಡುವೆ ಸಿಕ್ಕವನನ್ನು ಕಬ್ಬಿನ ಗಾಣದ ಹಾಗೆ ಹಿಂಡುತ್ತವೆ. ಸಣ್ಣ ಧಣಿಗಳಿಗೆಂದು ಒಂದು ರಿಯಾಯಿತಿ ದೊಡ್ಡದಾಗಿದೆ ಎಂಬ ಸಂತೋಷದ ಸುದ್ದಿ ದಪ್ಪಕ್ಷರದಲ್ಲಿರುತ್ತದೆ. ಮನೆಯಲ್ಲಿ ಆಯಾ ಇಟ್ಟುಕೊಂಡವರಿಗೆ ಅದು ಸಲ್ಲದು ಎಂಬ ಸಾಲು ಹಾಳೆಯ ಅಡಿಯಲ್ಲಿ ಇರುವೆಗಳು ಸಾಲುಗಟ್ಟಿದಂತೆ ಇರುತ್ತದೆ. ಮಗುವಿನ ಪಾಲನೆಗೆ ಸರ್ಕಾರ ಕೊಡುವ ನೆರವು ನಿಲ್ಲದಿರಬೇಕಾದರೆ, ತಾಯಿಯಾದವಳು ತಾನು ಇನ್ನೂ ದುಡಿಯುತ್ತಿದ್ದೇನೆ ಎಂದು ಮೂರು ತಿಂಗಳಿಗೊಮ್ಮೆ ಖಾತ್ರಿಪಡಿಸಬೇಕು. ನನ್ನ ಮಗಳು ಅದನ್ನು ಗಾಳಿಯಂತ್ರದ ನೆತ್ತಿಯಲ್ಲಿ ಹಗ್ಗಕ್ಕೆ ಜೋತುಬಿದ್ದು ಮಾಡುತ್ತಾಳೆ, ಯಾಕೆಂದರೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ದುಡಿಯುತ್ತಿರುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಈ ದೇಶದಲ್ಲಿ ಬೇರೆ ಯಾರೂ ತಮಗೆ ಕೊಡುತ್ತಿಲ್ಲ ಎಂದು ನನ್ನ ನಂಬಿಕೆ.

ಇವುಗಳ ಬಗ್ಗೆ ನನ್ನ ದೂರಿಲ್ಲ. ತಮ್ಮ ಏಪ್ರಿಲ್ ಬಂದಾಗ ನಾನೂ ಕರ್ಸ್ಟಿಯೂ ಅಡುಗೆಮನೆಯ ಮೇಜಿಗೆ ಕೂತು ವೇತನದ ಮಾತುಕತೆ ನಡೆಸುವುದು ನಮ್ಮ ಮನೆಯ ಪದ್ಧತಿ. ಧಣಿಯ ಬದಿಯಲ್ಲಿ ಕೂರಲು ನನ್ನ ಮೈ ಒಪ್ಪುವುದಿಲ್ಲ, ಆದ್ದರಿಂದ ನಾನು ಕರ್ಸ್ಟಿಯ ಪಕ್ಕದಲ್ಲೇ ಕೂರುತ್ತೇನೆ; ಎದುರು ಬದಿ ಖಾಲಿ ಇರಬಾರದೆಂದು ಟಿಲ್ಲಿಯನ್ನು ಅವಳ ಎತ್ತರದ ಕುರ್ಚಿಯಲ್ಲಿ ಕೂರಿಸುತ್ತೇವೆ. ನಾವು ಬೇಡಿಕೆ ಮಂಡಿಸುತ್ತೇವೆ, ಆಡಳಿತ ವರ್ಗ ಚಮಚದಿಂದ ಗಂಜಿ ಎಸೆಯುತ್ತದೆ. ನಾನು ನೋಡಿದ ಆಡಳಿತ ವರ್ಗಗಳಲ್ಲೆಲ್ಲ ಇದೇ ಹೆಚ್ಚು ನ್ಯಾಯವಾಗಿ ನಡೆದುಕೊಂಡದ್ದು.

ದೂರು ಇರುವುದು ಒಂದು ಚೌಕದ ಬಗ್ಗೆ.

ಕಳೆದ ಫೆಬ್ರವರಿಯಲ್ಲಿ ನಮ್ಮ ಊರಿನ ಬಸ್ ಚಾಲಕರು ಒಂದು ದಿನದ ಮುಷ್ಕರ ಹೂಡಿದರು. ಕರ್ಸ್ಟಿಯ ಗಂಡ ಡ್ಯಾರಿಲ್ ಆ ಚಾಲಕರಲ್ಲೊಬ್ಬ. ಅವತ್ತು ಬೆಳಿಗ್ಗೆ ಕರ್ಸ್ಟಿ ಟಿಲ್ಲಿಗೆ ಟೋಪಿ ತೊಡಿಸುತ್ತಾ, "ನಾರ್ಮನ್, ಇವತ್ತು ಇವಳನ್ನ ಪಾರ್ಕಿನ ಬದ್ಲು ಡಿಪೋ ಹತ್ರ ಕರ್ಕೊಂಡ್ಹೋಗ್ಲಾ? ಡ್ಯಾರಿಲ್ ಚಳಿಲಿ ನಿಂತಿದಾನೆ," ಎಂದು ಕೇಳಿದಳು. "ಹೋಗ್ಲಾ ಅಂತ ಕೇಳೋದೇನು ತಾಯಿ, ತಡಿ, ನಾನೂ ಬರ್ತೀನಿ, ನನ್ನ ಹಳೇ ಯೂನಿಯನ್ ಬಿಲ್ಲೆ ಎಲ್ಲಿಟ್ಟೆ ನೋಡು," ಎಂದೆ. ಮೂವರೂ ಹೋದೆವು. ಟಿಲ್ಲಿ ತಳ್ಳುಗಾಡಿಯಲ್ಲಿ ಕೂತು ಬಾವುಟ ಅಗಿದಳು, ಯಾರೋ ನಮಗೆ ಚಿಪ್ಸ್ ತಂದುಕೊಟ್ಟರು, ನನ್ನ ಮಂಡಿನೋವು ಆ ಒಂದು ದಿನ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಕರ್ಸ್ಟಿಗೆ ಆ ದಿನದ ಸಂಬಳವನ್ನು ಪೂರ್ತಿಯಾಗಿಯೇ ಕೊಟ್ಟೆ, ಮಗುವನ್ನು ನೋಡಿಕೊಂಡಿದ್ದಳಲ್ಲ.

ತಿಂಗಳ ಕೊನೆಗೆ ತಮಗೆ ವರದಿ ಕಳಿಸಲು ಕೂತಾಗ ಅದರಲ್ಲಿ ಒಂದು ಪುಟ್ಟ ಚೌಕ ಕಂಡಿತು: ಈ ನೌಕರರು ಈ ಅವಧಿಯಲ್ಲಿ ಮುಷ್ಕರದಲ್ಲಿ ಭಾಗವಹಿಸಿದ್ದಾರೆಯೇ? ಮಾನ್ಯರೇ, ಸರ್ಕಾರ ಆ ಪ್ರಶ್ನೆಯನ್ನು ಅಷ್ಟು ಸೌಜನ್ಯದಿಂದ ನನ್ನನ್ನು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಹಿಂದೆಲ್ಲ ಪೊಲೀಸರನ್ನು ಕಳಿಸಿ ಕೇಳುತ್ತಿತ್ತು. ಎದೆಯುಬ್ಬಿಸಿ ಗುರುತು ಹಾಕಿದೆ. ಕರ್ಸ್ಟಿಯ ಹೆಸರಿನ ಮುಂದೆ ಇಂಥದೊಂದು ಗೌರವ ದಾಖಲಾಗಲಿ ಎಂದುಕೊಂಡೆ. ಟಿಲ್ಲಿಗೂ ಒಂದು ಚೌಕ ಇದೆಯೇ ಎಂದು ಹುಡುಕಿದೆ, ಇರಲಿಲ್ಲ.

ಏಪ್ರಿಲ್‌ನಲ್ಲಿ ತಮ್ಮ ಪತ್ರ ಬಂತು. ನನ್ನ ಕೆಲಸದಾಕೆ ಫೆಬ್ರವರಿಯಿಂದ ನನ್ನ ವಿರುದ್ಧ ಮುಷ್ಕರದಲ್ಲಿದ್ದಾಳೆ ಎಂದೂ, ವಿವಾದ ಮುಗಿಯುವವರೆಗೆ ಅವಳ ಹೆರಿಗೆ ಭತ್ಯೆಯನ್ನು ಲೆಕ್ಕ ಹಾಕಲಾಗದು ಎಂದೂ ಅದರಲ್ಲಿತ್ತು.

ಹೌದು, ಕರ್ಸ್ಟಿ ಬಸುರಿ. ಜೂನ್‌ನಲ್ಲಿ ಹೆರಿಗೆ, ಮೇ ಮೂವತ್ತಕ್ಕೆ ಕೆಲಸ ನಿಲ್ಲಿಸಬೇಕೆಂದು ಅವಳ ಆಸೆ. ಆ ಭತ್ಯೆ ನನ್ನ ಕೈಯಿಂದ ಅವಳಿಗೆ ಹೋಗಬೇಕಾದದ್ದು. ಆಮೇಲೆ ನನ್ನಂಥ ಸಣ್ಣ ಧಣಿಗೆ ತಾವು ಅದನ್ನು ಪೂರ್ತಿ ವಾಪಸು ಕೊಟ್ಟು, ಮೇಲೆ ಚೂರು ಸೇರಿಸಿಯೂ ಕೊಡುತ್ತೀರಿ, ಮತ್ತು ಆ ಚೂರನ್ನು ಈ ಏಪ್ರಿಲ್‌ನಿಂದ ಇನ್ನಷ್ಟು ಹೆಚ್ಚಿಸಿದ್ದೀರಂತೆ. ಇಷ್ಟು ಧಾರಾಳಿಗಳನ್ನು ನಾನು ಬಂದರಿನಲ್ಲಿ ಕಂಡಿಲ್ಲ, ಕಂಡಿದ್ದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆದರೆ ಈ ಧಾರಾಳದ ಬಾಗಿಲಿಗೆ ಆ ಚೌಕದ ಬೀಗ ಬಿದ್ದಿದೆ.

ಫೋನು ಮಾಡಿದೆ. ಟಿಲ್ಲಿ ಕುಣಿದು ಸುಸ್ತಾಗಿ ಮಲಗಿದ ಮೇಲೆ ಒಬ್ಬ ಹುಡುಗ ಸಿಕ್ಕಿದ. ಬಹಳ ವಿನಯವಂತ, ಅವನ ಮೇಲೆ ನನಗೆ ಸಿಟ್ಟಿಲ್ಲ. "ಸರ್, ವಿವಾದ ಬಗೆಹರಿದಿದೆಯಾ?" ಎಂದು ಕೇಳಿದ.

"ವಿವಾದಾನೇ ಇರ್ಲಿಲ್ಲಪ್ಪ."

"ಇಲ್ಲದೇ ಇರೋ ವಿವಾದ ಮುಚ್ಚೋಕೆ ನಮ್ಮಲ್ಲಿ ಆಯ್ಕೆ ಇಲ್ಲ ಸರ್. ಇದ್ದಿದ್ರೆ ಮುಚ್ಬಹುದಿತ್ತು."

"ಹಾಗಾದ್ರೆ ಗುರುತು ಅಳಿಸಿಬಿಡು ಮಗಾ."

"ಹಳೇ ವರ್ಷ ಏಪ್ರಿಲ್ ಐದಕ್ಕೇ ಮುಚ್ಚೋಗಿದೆ ಸರ್. ಒಪ್ಪಂದದ ನಮೂನೆ ಕಳಿಸ್ತೀನಿ, ಇಬ್ರೂ ಸಹಿ ಹಾಕಿ. ಯಾರು ಗೆದ್ರು ಅನ್ನೋದನ್ನ ಮರೀದೆ ಬರೀರಿ."

ಇದನ್ನು ನಾನು ಮಾಡಬಾರದ ತಪ್ಪು ಮಾಡಿ ಲೆನ್ನಿ ಹಾರ್ಕರ್‌ಗೆ ಹೇಳಿದೆ. ಲೆನ್ನಿಯೂ ನಾನೂ ಸಿರಿಲ್ ಎಂಬ ಇನ್ನೊಬ್ಬನೂ ಒಂದೇ ಹಡಗುಕಟ್ಟೆಯಲ್ಲಿ ಮುದುಕರಾದವರು. ಗುರುವಾರ ಮಧ್ಯಾಹ್ನ ಅವರಿಬ್ಬರೂ ನನ್ನ ಅಡುಗೆಮನೆಯಲ್ಲಿ ಟೀ ಕುಡಿಯುವುದು ವಾಡಿಕೆ. ಆ ಗುರುವಾರ ನೋಡುತ್ತೇನೆ, ಇಬ್ಬರೂ ಗೇಟಿನ ಆಚೆ, ಕಾಲುದಾರಿಯ ಮೇಲೆ, ಕೈಕಟ್ಟಿ ನಿಂತಿದ್ದಾರೆ. ಬಾಗಿಲು ತೆರೆದು ಬನ್ರೋ ಎಂದೆ.

"ಏನ್ ಧಣಿಗಳೇ, ಒಳಗೆ ಮುಷ್ಕರ ನಡೀತಿದೆಯಂತೆ," ಎಂದ ಲೆನ್ನಿ. "ಐವತ್ತು ವರ್ಷದಿಂದ ಮುಷ್ಕರದ ಗೇಟು ದಾಟಿದವ್ರಲ್ಲಪ್ಪ ನಾವು. ನೀನೇ ಕಲಿಸಿದ್ದು."

"ತಮಾಷೆ ಸಾಕು, ಮಳೆ ಬರ್ತಿದೆ, ಒಳಗೆ ಬಾ."

"ನೋಡೋ ಸಿರಿಲ್, ಧಣಿ ಆಸೆ ತೋರಿಸ್ತಿದಾನೆ," ಎಂದ ಲೆನ್ನಿ. ಸಿರಿಲ್ ಕಡಿಮೆ ಮಾತಿನವನು, "ಎಲ್ಲ ಧಣಿಗಳೂ ಹಾಗೇ," ಎಂದ.

ಅಷ್ಟರಲ್ಲಿ ಕರ್ಸ್ಟಿ ಟ್ರೇ ಹಿಡಿದು, ಹೊಟ್ಟೆ ಮುಂದೆ ಮಾಡಿಕೊಂಡು ಹೊರಗೆ ಹೋಗಿ ಅವರಿಗೆ ಗೇಟಿನ ಮೇಲಿಂದಲೇ ಟೀ ಕೊಟ್ಟಳು. "ನಮ್ಮ ಹುಡುಗೀನ ಚೆನ್ನಾಗಿ ನೋಡ್ಕೋತಾನಾ ಈ ಧಣಿ?" ಎಂದು ಲೆನ್ನಿ ಕೇಳಿದ್ದಕ್ಕೆ, "ಬಿಸ್ಕತ್ ಎಣಿಸ್ತಾನೆ," ಎಂದಳು. ಬೀದಿಯ ಆ ತುದಿಗೆ ಕೇಳುವಂತೆ ನಕ್ಕರು. ಅಂಚೆಯವನೂ ಅವತ್ತಿನಿಂದ ಗೇಟಿನೊಳಗೆ ಕಾಲಿಡುತ್ತಿಲ್ಲ; ಅವನೂ ಯೂನಿಯನ್ನಿನವನೇ, ತಮ್ಮ ಪತ್ರಗಳನ್ನು ಬೇಲಿಯ ಮೇಲಿಂದ ಎಸೆಯುತ್ತಾನೆ. ಒಂದು ಗುಲಾಬಿ ಗಿಡದ ಮುಳ್ಳಿಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳುವಾಗ ನನ್ನ ಬಾಯಿಂದ ಬಂದ ಮಾತುಗಳು ತಮ್ಮನ್ನು ಕುರಿತವು, ಮುಳ್ಳನ್ನಲ್ಲ.

ನಗುವುದೆಲ್ಲ ಸರಿ. ಆದರೆ ಅವರು ಹೋದ ಮೇಲೆ ನಾನು ಒಳಗೆ ಬಂದರೆ, ಕರ್ಸ್ಟಿ ಟಿಲ್ಲಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುತ್ತಾ ನಡುವೆಯೇ ಕೂತುಬಿಟ್ಟಿದ್ದಳು. ಕೈ ಕಂಬಿಯ ಮೇಲಿತ್ತು, ಮುಖ ಬಿಳಿಚಿತ್ತು. "ಮೇ ಮೂವತ್ತಕ್ಕೆ ನಿಲ್ಲಿಸ್ತೀಯಲ್ಲ," ಎಂದೆ.

"ಭತ್ಯೆ ಬರ್ದೇ ಹೇಗೆ ನಿಲ್ಲಿಸ್ಲಿ? ಡ್ಯಾರಿಲ್ ಸಂಬಳ ಬಾಡಿಗೆಗೇ ಹೋಗುತ್ತೆ. ನೋವು ಶುರುವಾಗೋವರ್ಗೂ ಬರ್ತೀನಿ ಬಿಡಿ."

"ಅವರು ಕೊಡೋವರ್ಗೂ ನಾನೇ ಕೊಡ್ತೀನಿ. ನನ್ನ ಹತ್ರ ಅಷ್ಟಿದೆ."

ಅವಳು ನನ್ನನ್ನು ನೋಡಿದ ನೋಟವನ್ನು ನಾನು ಬಹಳ ವರ್ಷಗಳ ಹಿಂದೆ ಗೇಟಿನ ಮುಂದೆ ನಿಂತವರ ಮುಖದಲ್ಲಿ ನೋಡಿದ್ದೆ. "ಧರ್ಮಕ್ಕೆ ಬೇಡ ನಾರ್ಮನ್. ನಂದು ನಂಗೆ ಬರ್ಬೇಕು. ನೀವು ಟಿಲ್ಲಿಗೆ ದಿನಾ ಜೋಗುಳದ ಹಾಗೆ ಹೇಳೋದು ಇದನ್ನೇ ಅಲ್ವಾ?"

ಟಿಲ್ಲಿಯನ್ನು ಅವಳ ಸೊಂಟದಿಂದ ಇಳಿಸಿಕೊಂಡು, ಸವೆದ ಮಂಡಿಗಳ ಮೇಲೆಯೇ ಉಳಿದ ಮೆಟ್ಟಿಲು ಹತ್ತಿದೆ. ಅವಳ ಮಾತಿಗೆ ತಮ್ಮಲ್ಲಿ ಉತ್ತರ ಇದೆಯೇ?

ಇರಲಾರದು ಎಂದುಕೊಂಡು ನಾವು ತಮ್ಮ ವಿನಯವಂತ ಹುಡುಗ ಹೇಳಿದ ದಾರಿಯನ್ನೇ ಹಿಡಿದೆವು. ಇಲ್ಲದ ವಿವಾದವನ್ನು ಮುಚ್ಚಲಾಗದು ಎಂದಮೇಲೆ, ಒಂದು ವಿವಾದ ಇರಲೇಬೇಕಲ್ಲ. ಕರ್ಸ್ಟಿ ಬೇಡಿಕೆಗಳನ್ನು ಯೋಚಿಸಿಕೊಂಡು ಬಂದಳು. ಲೆನ್ನಿ ಅವಳ ಪರ ವಾದಿಸಲು ಒಪ್ಪಿ, ಮುಂದಿನ ಗೇಟು ದಾಟಲಾರದೆ, ಹಿತ್ತಲಿನ ಗೋಡೆ ಹತ್ತಿ, ತನ್ನ ಪ್ಯಾಂಟು ಹರಿದುಕೊಂಡು ಒಳಗೆ ಬಂದ. ಟಿಲ್ಲಿ ಎತ್ತರದ ಕುರ್ಚಿಯಲ್ಲಿ ಅಧ್ಯಕ್ಷತೆ ವಹಿಸಿದಳು. ಮತ್ತು ನಾನು, ಮಾನ್ಯರೇ, ಎಪ್ಪತ್ತು ದಾಟಿದ ಮೇಲೆ ಮೊತ್ತಮೊದಲ ಬಾರಿಗೆ ಮೇಜಿನ ಆಚೆ ಬದಿಗೆ ಹೋಗಿ ಕೂತೆ. ಕುರ್ಚಿ ಮೆತ್ತಗಿತ್ತು. ಅಲ್ಲಿ ಕೂರುವವರು ಯಾಕೆ ಏಳುವುದಿಲ್ಲ ಎಂದು ಅರ್ಥವಾಯಿತು.

ಮಗು ಹುಟ್ಟಿದ ಮೇಲೆ ಕರ್ಸ್ಟಿ ಇದೇ ಕೆಲಸಕ್ಕೆ ವಾಪಸು ಬರಬೇಕು, ಬರುವಾಗ ತನ್ನ ಮಗುವನ್ನೂ ಕರೆತರಬಹುದು ಎಂಬ ಬೇಡಿಕೆಯನ್ನು ಲೆನ್ನಿ ಪೂರ್ತಿ ಓದುವ ಮೊದಲೇ ಒಪ್ಪಿದೆ. "ಸ್ವಲ್ಪ ಜಗಳ ಆಡೋ, ಮರ್ಯಾದೆ ಹೋಗುತ್ತೆ," ಎಂದು ಅವನು ಮೇಜಿನ ಕೆಳಗೆ ಒದ್ದ. ಟಿಲ್ಲಿ ಮಲಗಿದಾಗ ರೇಡಿಯೋದಲ್ಲಿ ರಗ್ಬಿ ಪಂದ್ಯಕ್ಕೆ ನಾನು ಕಿರುಚಬಾರದು ಎಂಬುದರ ಮೇಲೆ ನಿಜವಾದ ಜಗಳವೇ ಆಯಿತು, ಕೊನೆಗೆ ಚೆಂಡು ಗೋಲಿನ ಗೆರೆಯ ಹತ್ತಿರ ಬಂದಾಗ ಮಾತ್ರ ಕಿರುಚಬಹುದೆಂದು ತೀರ್ಮಾನವಾಯಿತು. ಬಿಸ್ಕತ್ತಿನ ವಿಷಯದಲ್ಲಿ ನಾನು ಬಗ್ಗುವುದಿಲ್ಲ ಎಂದೆ. ಬಗ್ಗಿದೆ. ಈಗ ಡಬ್ಬ ಮುಚ್ಚಳವಿಲ್ಲದೆ ಮೇಜಿನ ಮೇಲೆಯೇ ಇರುತ್ತದೆ. ಯಾರು ಗೆದ್ದರು ಎಂಬಲ್ಲಿ 'ಕಾರ್ಮಿಕರು' ಎಂದು ದೊಡ್ಡದಾಗಿ ಬರೆದು, ನಾನೂ ಕರ್ಸ್ಟಿಯೂ ಸಹಿ ಹಾಕಿ, ಅಧ್ಯಕ್ಷರ ಜಾಮು ಮೆತ್ತಿದ ಅಂಗೈಯನ್ನು ಒತ್ತಿಸಿ ತಮಗೆ ಕಳಿಸಿದೆವು. ಸೋತು ಇಷ್ಟು ಖುಷಿಪಟ್ಟ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ತಮ್ಮ ಉತ್ತರ ಮೊನ್ನೆ ಬೇಲಿಯ ಮೇಲಿಂದ ಬಂತು. ವಾರ್ಷಿಕ ಬದಲಾವಣೆಗಳ ಕಾರಣ, ನಾವು ಕಳಿಸಿದ ಒಪ್ಪಂದದ ನಮೂನೆ ಏಪ್ರಿಲ್ ಆರರಿಂದ ರದ್ದಾಗಿದೆಯಂತೆ. ಆ ಹುಡುಗ ಕಳಿಸಿದ್ದೇ ಹಳೆಯ ವರ್ಷದ್ದಂತೆ. ಹೊಸ ವರ್ಷದ ನಮೂನೆ ಇನ್ನೂ ತಯಾರಾಗುತ್ತಿದೆಯಂತೆ, ಬಹುಶಃ ಬೇಸಿಗೆಯ ಕೊನೆಗೆ ಸಿಗಬಹುದಂತೆ.

ತಮ್ಮ ಈ ಕಾರ್ಯವೈಖರಿಗೆ ತಲೆಬಾಗಿ, ಕೆಲವು ಸಣ್ಣ ಉಪಕಾರಗಳನ್ನು ಬೇಡುತ್ತೇನೆ. ಬೇಸಿಗೆಯ ಕೊನೆಯವರೆಗೆ ಸ್ವಸ್ಥಾನದಲ್ಲೇ ಕಾಯುವಂತೆ, ಹುಟ್ಟಲಿರುವ ಮಗುವಿಗೆ ತಾವೇ ನೇರವಾಗಿ ಒಂದು ಸೂಚನಾ ಪತ್ರ ಕಳಿಸಬೇಕು. 'ಪ್ರಿಯ ಅವಲಂಬಿತರೇ' ಎಂದು ಶುರು ಮಾಡಿದರೆ ಸಾಕು, ಅದಕ್ಕೆ ಓದು ಬಾರದಿದ್ದರೂ ನನ್ನಷ್ಟೇ ಸಿಟ್ಟು ಬರುತ್ತದೆ. ವರ್ಷವನ್ನು ಏಪ್ರಿಲ್‌ಗೆ ಸರಿಸಲು ಬಲ್ಲ ತಾವು ಜೂನ್ ತಿಂಗಳನ್ನು ಸೆಪ್ಟೆಂಬರಿನ ಆಚೆಗೆ ಸರಿಸಲೂ ಬಲ್ಲಿರಿ, ಅದನ್ನಾದರೂ ಮಾಡಿ. ಇವೆರಡೂ ಕಷ್ಟವೆನಿಸಿದರೆ ಯಾರನ್ನಾದರೂ ನನ್ನ ಅಡುಗೆಮನೆಗೆ ಕಳಿಸಿ, ಮುಷ್ಕರ ಎಲ್ಲಿದೆ ಎಂದು ಮೇಜಿನ ಕೆಳಗೆ, ಒಲೆಯ ಹಿಂದೆ, ಆಟಿಕೆಯ ಬುಟ್ಟಿಯಲ್ಲಿ ಹುಡುಕಿಸಿ. ಬಂದವರಿಗೆ ಟೀ ಕೊಡುತ್ತೇವೆ. ಬಿಸ್ಕತ್ತನ್ನು ಎಣಿಸುವುದಿಲ್ಲ, ಒಪ್ಪಂದದಲ್ಲಿದೆ.

ಅದೂ ಆಗದಿದ್ದರೆ, ಒಂದು ಗುರುತನ್ನು ಅಳಿಸಿ. ನಾನು ಹಾಕಿದ ಗುರುತು, ಹೆಮ್ಮೆಯಿಂದ ಹಾಕಿದ್ದು, ಜಾಗ ತಪ್ಪಿತ್ತು. ದಂಡ ಹಾಕುವುದಿದ್ದರೆ ನನಗೆ ಹಾಕಿ. ಆ ಹುಡುಗಿ ಮೆಟ್ಟಿಲ ನಡುವೆ ಕೂರುವಂತೆ ಮಾಡಬೇಡಿ.

ತಮ್ಮ ದಾಖಲೆಯ ಪ್ರಕಾರ ಮುಷ್ಕರಕ್ಕೆ ಸಿಕ್ಕಿಕೊಂಡಿರುವ ಧಣಿಯೂ, ಸಾಧ್ಯವಾದಷ್ಟು ದಿನ ತಮ್ಮ ವಿಶ್ವಾಸಿಯೂ ಆಗಿರುವ,

ನಾರ್ಮನ್ ಬಿಲ್ಟನ್
ಹಲ್

ಮರೆತಿದ್ದೆ: ಲೆನ್ನಿ ತನ್ನ ಹಿತ್ತಲ ಶೆಡ್ಡಿನಲ್ಲಿ ನಮ್ಮ ಹಳೆಯ ಡ್ರಮ್ಮನ್ನು ಹುಡುಕಿ ತೆಗೆದಿದ್ದಾನೆ, ಮುಷ್ಕರದ ದಿನಗಳಲ್ಲಿ ಚಳಿಗೆ ಬೆಂಕಿ ಹಾಕಿಕೊಂಡು ಗೇಟಿನ ಮುಂದೆ ಕೂರುತ್ತಿದ್ದೆವಲ್ಲ, ಅದೇ. ತುಕ್ಕು ಹಿಡಿದಿದೆ, ಆದರೆ ತಳ ಗಟ್ಟಿಯಾಗಿದೆ. ಸಿರಿಲ್ ಸೌದೆ ಒಡೆಯುತ್ತಿದ್ದಾನೆ. ಡ್ಯಾರಿಲ್ ಬಸ್ಸಿನ ವ್ಯವಸ್ಥೆ ನೋಡಿಕೊಳ್ಳುತ್ತೇನೆ ಎಂದಿದ್ದಾನೆ, ಸಮುದ್ರದಿಂದ ವಾಪಸಾದ ಜನೀನ್ ತನ್ನ ಹಗ್ಗಗಳನ್ನೂ ತರುತ್ತಾಳಂತೆ, ಯಾಕೆಂದು ನಾನು ಕೇಳಿಲ್ಲ. ಟಿಲ್ಲಿಯನ್ನು ಮುಂದೆ ಕೂರಿಸಿಕೊಂಡು ನಾವೆಲ್ಲರೂ ತಮ್ಮ ಕಚೇರಿಯ ಹೆಬ್ಬಾಗಿಲಿಗೇ ಬಂದು ಮುಷ್ಕರ ಕೂರುತ್ತೇವೆ. ಆಗ ತಮ್ಮ ಕಂಪ್ಯೂಟರ್ ಫೆಬ್ರವರಿಯಿಂದ ಹೇಳುತ್ತಿರುವ ಸುಳ್ಳು ನಿಜವಾಗುತ್ತದೆ, ಚೌಕವನ್ನು ಅಳಿಸುವ ತೊಂದರೆ ತಮಗಿರುವುದಿಲ್ಲ. ಬರಬಾರದು ಎನ್ನುವುದಾದರೆ, ಮೇ ಇಪ್ಪತ್ತಮೂರು, ಶುಕ್ರವಾರದೊಳಗೆ ನನಗೆ ಉತ್ತರ ಬೇಕು.